ಟ್ರಯಲ್‌ಗೆ ಸೇರಿ ಅಂತ ಡಾಕ್ಟ್ರು ಕೇಳಿದಾಗ: ಸಹಿ ಹಾಕೋಕೆ ಮುಂಚೆ ಏನೇನು ನೋಡ್ಬೇಕು

“ಅಮ್ಮಂಗೆ ಕ್ಯಾನ್ಸರ್, ಡಾಕ್ಟ್ರು ಹೊಸ ಔಷಧಿ ಟ್ರಯಲ್ ಇದೆ ಸೇರಿಸ್ಲಾ ಅಂತಿದಾರೆ, ಏನ್ ಮಾಡ್ಲಿ?” “ಎರಡು ರಾತ್ರಿ ಲ್ಯಾಬಲ್ಲಿ ಉಳ್ಕೊಂಡು ಮಾತ್ರೆ ನುಂಗಿ ರಕ್ತ ಕೊಟ್ರೆ ದುಡ್ಡು ಕೊಡ್ತಾರಂತೆ, ಸೇಫಾ?” “ಮೆಡಿಕಲ್ ಕಾಲೇಜಲ್ಲಿ ಅಪ್ಪಂಗೆ ಇಂಗ್ಲಿಷ್ ಫಾರಂ ಕೊಟ್ಟು ಸಹಿ ಹಾಕಿಸ್ಕೊಂಡ್ರು, ಅದೇನು ಅಂತಾನೇ ಗೊತ್ತಿಲ್ಲ.” ಹೆಚ್ಚುಕಮ್ಮಿ ಇದೇ ಮೂರು ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರ್ತಾನೇ ಇರ್ತವೆ, ಒಬ್ಬೊಬ್ರಿಗೂ ತುಂಡು ತುಂಡಾಗಿ ಉತ್ತರ ಬರೆಯೋ ಬದ್ಲು ಎಲ್ಲಾ ಒಂದೇ ಕಡೆ ಹಾಕ್ತಿದೀನಿ.

ಮೊದ್ಲೇ ಹೇಳ್ಬಿಡ್ತೀನಿ, ನಾನು ಟ್ರಯಲ್ ವಿರೋಧಿ ಅಲ್ಲ. ನಾವು ದಿನಾ ನುಂಗೋ ಬಿಪಿ ಮಾತ್ರೆಯಿಂದ ಹಿಡಿದು ಮಕ್ಕಳಿಗೆ ಹಾಕ್ಸೋ ಲಸಿಕೆವರೆಗೂ ಎಲ್ಲಾ ಬಂದಿರೋದು ಯಾರೋ ಗುರುತು ಪರಿಚಯ ಇಲ್ದೋರು ಮುಂಚೆ ಒಪ್ಕೊಂಡು ಟ್ರಯಲ್‌ಗೆ ಸೇರಿದ್ರಿಂದಾನೇ. ಆದ್ರೆ ನಮ್ಮಲ್ಲಿ ‘ಡಾಕ್ಟ್ರು ಹೇಳಿದ್ಮೇಲೆ ಮುಗೀತು’ ಅನ್ನೋ ಅಭ್ಯಾಸ ಇದೆ ನೋಡಿ, ಅದನ್ನ ರಿಸರ್ಚ್ ಕೋಣೆಗೆ ತಗೊಂಡು ಹೋಗ್ಬಾರ್ದು. ಸಹಿ ಅನ್ನೋದು ಕೊನೇ ಕೆಲ್ಸ. ನಿಜವಾದ ಒಪ್ಪಿಗೆ ಅಂದ್ರೆ ಅದಕ್ಕಿಂತ ಮುಂಚೆ ನೀವು ಕೇಳಿ, ಅವ್ರು ಹೇಳಿ, ನಿಮಗೆ ಅರ್ಥ ಆಗಿ, ‘ಬೇಡ’ ಅನ್ನೋ ಧೈರ್ಯ ಇದ್ದೂ ‘ಹೂಂ’ ಅನ್ನೋದು. ಅದಕ್ಕೆ ಬೇಕಾದ ಹಕ್ಕೆಲ್ಲ ನಮ್ಮ ಕಾನೂನಲ್ಲೇ ಇದೆ, ಗೊತ್ತಿಲ್ದೆ ಬಳಸ್ಕೊಳ್ತಿಲ್ಲ ಅಷ್ಟೆ.

ಎರಡು ಹೆಸ್ರು ನೆನಪಿಟ್ಕೊಳ್ಳಿ. ಒಂದು, 2019ರ ‘ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು’. ಹೊಸ ಔಷಧಿ ಪರೀಕ್ಷೆಗಳೆಲ್ಲ ಇದರ ಕೆಳಗೆ ಬರತ್ತೆ. ಇನ್ನೊಂದು, ಐಸಿಎಂಆರ್ ಅಂದ್ರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿ. ಮನುಷ್ಯರ ಮೇಲೆ ನಡೆಯೋ ಯಾವ ಆರೋಗ್ಯ ಸಂಶೋಧನೆಗಾದ್ರೂ ಇದೇ ಅಳತೆಗೋಲು. ಎರಡರ ಹಿಂದೆ ಇರೋದು ಅದೇ ನಾಲ್ಕು ತತ್ವ: ರೋಗಿ ತೀರ್ಮಾನ ರೋಗೀದೇ, ಒಳ್ಳೇದಾಗೋ ಹಾಗೆ ನೋಡ್ಕೋಬೇಕು, ಕೆಡುಕು ಮಾಡ್ಬಾರ್ದು, ಲಾಭ-ನಷ್ಟ ನ್ಯಾಯವಾಗಿ ಹಂಚ್ಕೋಬೇಕು. ನಾಜಿ ಡಾಕ್ಟರ್‌ಗಳ ವಿಚಾರಣೆ ಆದ್ಮೇಲೆ 1947ರಲ್ಲಿ ಬಂದ ನ್ಯೂರೆಂಬರ್ಗ್ ಸಂಹಿತೆ, ಡಾಕ್ಟರ್‌ಗಳ ಜಾಗತಿಕ ಸಂಘದ 1964ರ ಹೆಲ್ಸಿಂಕಿ ಘೋಷಣೆ, ಅಮೆರಿಕದ ಟಸ್ಕೀಗೀಲಿ ಕಪ್ಪು ಜನರಿಗೆ ಸಿಫಿಲಿಸ್ ಅನ್ನೋ ಲೈಂಗಿಕ ರೋಗ ಇದೆ ಅಂತ ಗೊತ್ತಿದ್ರೂ 1932ರಿಂದ 1972ರವರೆಗೆ ಸರಿಯಾದ ಚಿಕಿತ್ಸೆ ಕೊಡ್ದೆ ಸುಮ್ನೆ ನೋಡ್ತಾ ಕೂತಿದ್ದ ಪ್ರಕರಣದ ನಂತರ 1979ರಲ್ಲಿ ಬಂದ ಬೆಲ್ಮಾಂಟ್ ವರದಿ, ಹೀಗೆ ಜನ ನೋವು ತಿಂದ ಮೇಲೆ ಬರೆದ ನಿಯಮಗಳು ಇವು. ನಿಮ್ಮ ಕೈಗೆ ಕೊಡೋ ಫಾರಂನ ಒಂದೊಂದು ಸಾಲಿಗೂ ಇಂಥ ಹಿನ್ನೆಲೆ ಇದೆ, ಅದಕ್ಕೇ ಅದನ್ನ ಓದ್ದೆ ತಿರುಗಿಸ್ಬೇಡಿ.

ಸರಿ, ಹಂತ ಹಂತವಾಗಿ ಹೋಗೋಣ.

1. ಇದು ಚಿಕಿತ್ಸೆನಾ, ರಿಸರ್ಚಾ ಅಂತ ಬಾಯಿಬಿಟ್ಟು ಕೇಳಿ

‘ಸ್ಟಡಿಗೆ ತಗೋತೀವಿ’, ‘ಹೊಸ ಸ್ಕೀಮಲ್ಲಿ ಹಾಕ್ತೀವಿ’, ‘ಫ್ರೀ ಮೆಡಿಸಿನ್ ಬರತ್ತೆ’ ಅಂತ ಹೇಳಿದ್ರೆ ನೇರವಾಗಿ ಕೇಳಿ: “ಇದು ನನ್ನ ಟ್ರೀಟ್‌ಮೆಂಟಾ ಅಥವಾ ರಿಸರ್ಚಾ?” ಹೀಗೆ ಕೇಳೋದ್ರಲ್ಲಿ ಅಗೌರವ ಏನೂ ಇಲ್ಲ. ಚಿಕಿತ್ಸೆ ಗುರಿ ನೀವು ಗುಣ ಆಗೋದು. ರಿಸರ್ಚ್ ಗುರಿ ಒಂದು ಪ್ರಶ್ನೆಗೆ ಉತ್ತರ ಹುಡುಕೋದು, ಅದ್ರಲ್ಲಿ ನಿಮಗೆ ಒಳ್ಳೇದಾಗ್ಬಹುದು ಆಗ್ದೇನೂ ಇರ್ಬಹುದು. ರೋಗಿಗಳು ಅತಿ ಹೆಚ್ಚು ಎಡವೋದು ಇಲ್ಲೇ, ಟ್ರಯಲ್ ಔಷಧಿ ಅಂದ್ರೆ ಇರೋದಕ್ಕಿಂತ ಒಳ್ಳೆ ಔಷಧಿ ಅಂತ ಅಂದ್ಕೊಳ್ತಾರೆ, ಅದು ಒಳ್ಳೇದು ಅಂತ ಆಗ್ಲೇ ಗೊತ್ತಿದ್ರೆ ಟ್ರಯಲ್ ಮಾಡೋ ಅಗತ್ಯಾನೇ ಇರ್ತಿರ್ಲಿಲ್ಲ ಅಲ್ವಾ.

ರಿಸರ್ಚ್ ಅಂದ್ರೆ ಯಾವ ಥರದ್ದು ಅಂತಾನೂ ಕೇಳಿ. ಕಂಪನಿ ನಡೆಸೋ ಹೊಸ ಔಷಧಿ ಟ್ರಯಲ್ ಒಂದು. ಆಗ್ಲೇ ಮಾರ್ಕೆಟ್‌ನಲ್ಲಿರೋ ಔಷಧೀನ ಬೇರೆ ಕಾಯಿಲೆಗೋ ಬೇರೆ ಡೋಸಲ್ಲೋ ನೋಡೋ ಅಕಾಡೆಮಿಕ್ ಟ್ರಯಲ್ ಇನ್ನೊಂದು. ಎಂಡಿ, ಎಂಎಸ್ ಓದೋರ ಥೀಸಿಸ್ ಇರ್ಬಹುದು, ಬರೀ ರಕ್ತ ಅಥವಾ ಬಯಾಪ್ಸಿ ಚೂರು ಇಲ್ಲಾ ನಿಮ್ಮ ಫೈಲ್ ಮಾಹಿತಿ ತಗೊಳ್ಳೋ ಸ್ಟಡಿ ಇರ್ಬಹುದು. ಆಮೇಲೆ ಆರೋಗ್ಯವಾಗಿರೋರನ್ನ ಕರ್ಕೊಂಡು ಮಾಡೋ ಬಯೋ-ಇಕ್ವಿವಲೆನ್ಸ್ ಸ್ಟಡಿ, ಅಂದ್ರೆ ಒಂದು ಕಂಪನಿ ಜೆನೆರಿಕ್ ಮಾತ್ರೆ ಮೂಲ ಮಾತ್ರೆಯಷ್ಟೇ ರಕ್ತಕ್ಕೆ ಸೇರತ್ತಾ ಅಂತ ನೋಡೋದು. ಮೇಲೆ ‘ಎರಡು ರಾತ್ರಿ ಲ್ಯಾಬಲ್ಲಿ’ ಅಂತ ಕೇಳಿದ್ರಲ್ಲ, ಅದು ಸಾಮಾನ್ಯವಾಗಿ ಇದೇ.

2. ಮಾಹಿತಿ ಪತ್ರ ಕನ್ನಡದಲ್ಲೇ ಕೇಳಿ, ಮನೆಗೆ ತಗೊಂಡು ಹೋಗಿ

ಫಾರಂನಲ್ಲಿ ಎರಡು ಭಾಗ ಇರತ್ತೆ. ದೊಡ್ಡದು ಮಾಹಿತಿ ಪತ್ರ, ಏನು ಯಾಕೆ ಎಷ್ಟು ದಿನ ಅಂತೆಲ್ಲ ವಿವರ ಇರೋದು. ಚಿಕ್ಕದು ಒಪ್ಪಿಗೆ ಪತ್ರ, ಸಹಿ ಹಾಕೋದು. ನಿಮಗೆ ಅರ್ಥ ಆಗೋ ಭಾಷೇಲೇ ಕೊಡ್ಬೇಕು ಅಂತ ನಿಯಮ ಇದೆ. ಕನ್ನಡ ಬಲ್ಲೋರಿಗೆ ಇಂಗ್ಲಿಷ್ ಫಾರಂ ಕೊಟ್ಟು ‘ಇಲ್ಲಿ ಸೈನ್ ಮಾಡಿ’ ಅಂದ್ರೆ ಅದು ತಪ್ಪು, ಬೀದರ್ ಕಡೆಯೋರು ಮರಾಠಿಯೋ ಉರ್ದುನೋ ಬೇಕು ಅಂದ್ರೆ ಅದನ್ನೂ ಕೇಳ್ಬಹುದು. ಕನ್ನಡ ಅನುವಾದವನ್ನೂ ಎಥಿಕ್ಸ್ ಕಮಿಟಿ (ಸೇರೋರ ಹಿತ ಕಾಯೋಕೆ ರಿಸರ್ಚನ್ನ ಮೊದ್ಲೇ ಪರಿಶೀಲಿಸೋ ಸಮಿತಿ) ಒಪ್ಪಿರಬೇಕು, ಅದಕ್ಕೇ ಪುಟದ ಮೂಲೇಲಿ ವರ್ಷನ್ ನಂಬರ್, ತಾರೀಕು ಹಾಕಿರ್ತಾರೆ, ಅದು ಇದ್ಯಾ ನೋಡಿ. ಟ್ರಯಲ್ ಕೆಲ್ಸ ನೋಡ್ಕೊಳ್ಳೋ ಸಿಬ್ಬಂದಿ, ಅಂದ್ರೆ ಕೋಆರ್ಡಿನೇಟರ್, ಅಲ್ಲೇ ಕೂತು ಇಂಗ್ಲಿಷ್ ನೋಡ್ಕೊಂಡು ಬಾಯಲ್ಲಿ ಕನ್ನಡ ಮಾಡಿ ಹೇಳೋದು ಅದಕ್ಕೆ ಬದ್ಲಿ ಆಗಲ್ಲ.

ಆಮೇಲೆ ಹೇಳಿ, “ಮನೇಲಿ ಮಾತಾಡಿ ಬರ್ತೀನಿ”. ಯೋಚನೆ ಮಾಡೋಕೆ ಟೈಮ್ ಕೊಡ್ಲೇಬೇಕು. ಇವತ್ತೇ ಹಾಕ್ಬೇಕು, ಸೀಟ್ ಹೋಗತ್ತೆ ಅಂತ ಅವಸರ ಮಾಡಿದ್ರೆ ಅದನ್ನ ಎಚ್ಚರಿಕೆ ಅಂತ ತಗೊಳ್ಳಿ. ಸ್ಟ್ರೋಕ್, ಹಾರ್ಟ್ ಅಟ್ಯಾಕ್ ಥರದ ಎಮರ್ಜೆನ್ಸಿ ಟ್ರಯಲ್‌ಗಳಲ್ಲಿ ನಿಜವಾಗ್ಲೂ ಟೈಮ್ ಇರಲ್ಲ, ಅದು ಬೇರೆ ವಿಷ್ಯ, ಆಗ್ಲೂ ಮಾತಾಡಿ ಅರ್ಥ ಮಾಡ್ಸೋ ಕೆಲ್ಸ ತಪ್ಪಲ್ಲ.

3. ಎರಡು ನಂಬರ್ ಚೆಕ್ ಮಾಡಿ

ಇದು ಮೊಬೈಲಲ್ಲೇ ಆಗೋ ಕೆಲ್ಸ, ದಯವಿಟ್ಟು ಬಿಡ್ಬೇಡಿ.

ಮೊದಲ್ನೇದು ಸಿಟಿಆರ್‌ಐ ನಂಬರ್. ಭಾರತದಲ್ಲಿ ನಡೆಯೋ ಟ್ರಯಲ್‌ಗಳ ಸಾರ್ವಜನಿಕ ರಿಜಿಸ್ಟ್ರಿ ಇದು, 2007ರಲ್ಲಿ ಶುರುವಾಯ್ತು, ಐಸಿಎಂಆರ್ ನಡೆಸತ್ತೆ. 2009ರ ಜೂನ್ 15ರಿಂದ ಔಷಧಿ ಟ್ರಯಲ್‌ಗಳಿಗೆ ಕಡ್ಡಾಯ, ಅದೂ ಮೊದಲ್ನೇ ರೋಗಿ ಸೇರೋಕೆ ಮುಂಚೇನೇ ರಿಜಿಸ್ಟರ್ ಆಗಿರ್ಬೇಕು. ನಂಬರ್ ‘ಸಿಟಿಆರ್‌ಐ’ ಅಂತ ಶುರುವಾಗಿ ಮಧ್ಯೆ ಓರೆಗೆರೆ ಹಾಕಿ ವರ್ಷ, ತಿಂಗಳು, ಆಮೇಲೆ ಒಂದು ಕ್ರಮಸಂಖ್ಯೆ ಇರತ್ತೆ. ಸಿಟಿಆರ್‌ಐ ವೆಬ್‌ಸೈಟ್‌ಗೆ ಹೋಗಿ ಆ ನಂಬರ್ ಹಾಕಿ ಹುಡುಕಿ, ನಂಬರ್ ಇಲ್ದಿದ್ರೆ ಕಾಯಿಲೆ ಹೆಸ್ರಲ್ಲೂ ಹುಡುಕ್ಬಹುದು. ಪುಟ ತೆರೆದ ಮೇಲೆ ಮೂರು ಜಾಗ ನೋಡಿ: ಟ್ರಯಲ್ ನಡೆಯೋ ಜಾಗಗಳ ಪಟ್ಟೀಲಿ ನಿಮ್ಮ ಆಸ್ಪತ್ರೆ, ನಿಮ್ಮ ಡಾಕ್ಟ್ರ ಹೆಸ್ರು ಇದ್ಯಾ; ಆ ಆಸ್ಪತ್ರೆ ಎಥಿಕ್ಸ್ ಕಮಿಟಿ ಎದುರಿಗೆ ‘ಅಪ್ರೂವ್ಡ್’ ಅಂತ ಇದ್ಯಾ; ಡಿಸಿಜಿಐ ಅನುಮತಿ ಸ್ಥಿತಿ ಏನು. ಡಿಸಿಜಿಐ ಅಂದ್ರೆ ದೆಹಲೀಲಿರೋ ಕೇಂದ್ರದ ಔಷಧ ನಿಯಂತ್ರಕರು. ಅಕಾಡೆಮಿಕ್ ಟ್ರಯಲ್, ಥೀಸಿಸ್‌ಗಳಲ್ಲಿ ಅಲ್ಲಿ ‘ಅನ್ವಯಿಸಲ್ಲ’ ಅಂತ ಇದ್ರೆ ಗಾಬರಿ ಬೇಡ, ಅವಕ್ಕೆ ಎಥಿಕ್ಸ್ ಕಮಿಟಿ ಒಪ್ಪಿಗೆ ಸಾಕಾಗತ್ತೆ. ಕಂಪನಿ ಹೊಸ ಔಷಧಿಗೆ ಹಾಗೆ ಬರೆದಿದ್ರೆ ಮಾತ್ರ ಖಂಡಿತ ಪ್ರಶ್ನೆ ಮಾಡಿ.

ಎರಡನೇದು ಎಥಿಕ್ಸ್ ಕಮಿಟಿ ನೋಂದಣಿ ನಂಬರ್. ಔಷಧಿ ಟ್ರಯಲ್ ನೋಡೋ ಕಮಿಟಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೇಲಿ ನೋಂದಣಿ ಆಗಿರ್ಬೇಕು. ಆ ನಂಬರ್ ‘ಇಸಿಆರ್’ ಅಂತ ಶುರುವಾಗತ್ತೆ, ಕರ್ನಾಟಕದ ಕಮಿಟಿ ಆದ್ರೆ ನಡುವೆ ‘ಕೆಎ’ ಅಂತ ಇರತ್ತೆ. ಕಮಿಟೀಲಿ ಕಮ್ಮಿ ಅಂದ್ರೂ 7 ಜನ, ಅವ್ರಲ್ಲಿ ಅರ್ಧದಷ್ಟು ಜನ ಆಸ್ಪತ್ರೆಗೆ ಸಂಬಂಧ ಇಲ್ದೋರು, ಅಧ್ಯಕ್ಷರೂ ಹೊರಗಿನೋರೇ. ಒಬ್ರು ಕಾನೂನು ಬಲ್ಲೋರು, ಒಬ್ರಾದ್ರೂ ಮಹಿಳೆ, ಮತ್ತೆ ನಿಮ್ಮ ನನ್ನ ಥರದ ಒಬ್ರು ಸಾಮಾನ್ಯ ಜನ ಇರ್ಲೇಬೇಕು. ಈ ಸಾಮಾನ್ಯ ಸದಸ್ಯರ ಕೆಲ್ಸಾನೇ ಫಾರಂ ಓದಿ ‘ಇದು ಹಳ್ಳಿಯೋರಿಗೆ ಅರ್ಥ ಆಗತ್ತಾ’ ಅಂತ ಕೇಳೋದು. ನಿಮ್ಹಾನ್ಸ್, ಕಿದ್ವಾಯಿ, ಸೇಂಟ್ ಜಾನ್ಸ್ ಥರದ ದೊಡ್ಡ ಸಂಸ್ಥೆಗಳಿಗೆ ಸ್ವಂತ ಕಮಿಟಿ ಇದೆ. ಸಣ್ಣ ಆಸ್ಪತ್ರೇಲಿ ಇಲ್ದಿದ್ರೆ ಅದೇ ಊರಿನ ಅಥವಾ 50 ಕಿಲೋಮೀಟರ್ ಒಳಗಿನ ಬೇರೆ ಕಮಿಟಿ ನೋಡ್ಬಹುದು, ಹಾಗಿದ್ರೆ ಯಾವ ಕಮಿಟಿ ಅಂತ ಫಾರಂನಲ್ಲಿ ಇರ್ಬೇಕು.

4. ಪೆನ್ ಹಿಡ್ಕೊಂಡು ಓದಿ, ಪ್ರಶ್ನೆ ಬರ್ಕೊಳ್ಳಿ

ಮಾಹಿತಿ ಪತ್ರ ಉದ್ದ ಇರತ್ತೆ, ಹದಿನೈದು ಇಪ್ಪತ್ತು ಪುಟ ಇದ್ರೂ ಆಶ್ಚರ್ಯ ಇಲ್ಲ, ಒಂದೇ ಸಲ ಓದಕ್ಕಾಗಲ್ಲ. ಮನೇಲಿ ಓದೋ ಮಕ್ಕಳಿದ್ರೆ ಗಟ್ಟಿಯಾಗಿ ಓದ್ಸಿ. ಎದುರಾಗೋ ಪದಗಳು ಇವು:

ಫೇಸ್ ಅಂದ್ರೆ ಹಂತ. 1ನೇ ಹಂತದಲ್ಲಿ ಸ್ವಲ್ಪ ಜನರ ಮೇಲೆ ಔಷಧಿ ಸುರಕ್ಷಿತನಾ, ಎಷ್ಟು ಡೋಸ್ ತಡ್ಕೊಳ್ಳತ್ತೆ ದೇಹ ಅಂತ ನೋಡ್ತಾರೆ. 2ರಲ್ಲಿ ಕಾಯಿಲೆ ಮೇಲೆ ಕೆಲ್ಸ ಮಾಡತ್ತಾ ಅಂತ. 3ರಲ್ಲಿ ತುಂಬ ಜನರ ಮೇಲೆ, ಈಗಿರೋ ಚಿಕಿತ್ಸೆಗೆ ಹೋಲಿಸಿ. 4 ಅಂದ್ರೆ ಮಾರ್ಕೆಟ್‌ಗೆ ಬಂದ್ಮೇಲೆ. ಹಂತ ಕಮ್ಮಿ ಇದ್ದಷ್ಟೂ ಗೊತ್ತಿಲ್ದೇ ಇರೋದು ಜಾಸ್ತಿ. ಇದನ್ನ ಮೊದಲ ಪ್ರಶ್ನೆಯಾಗಿ ಕೇಳಿ.

ರ‍್ಯಾಂಡಮೈಸೇಶನ್ ಅಂದ್ರೆ ಹೊಸ ಔಷಧಿ ಯಾರಿಗೆ, ಹಳೇದು ಯಾರಿಗೆ ಅನ್ನೋದನ್ನ ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ತೀರ್ಮಾನ ಮಾಡೋದು. ನಿಮ್ಮ ಡಾಕ್ಟ್ರು ಎಷ್ಟೇ ಪರಿಚಯ ಇದ್ರೂ ನಿಮಗೆ ಹೊಸದನ್ನೇ ಕೊಡ್ಸಕ್ಕಾಗಲ್ಲ. ಬ್ಲೈಂಡಿಂಗ್ ಅಂದ್ರೆ ಯಾವುದು ಸಿಗ್ತಿದೆ ಅಂತ ನಿಮಗೂ, ಎಷ್ಟೋ ಸಲ ಡಾಕ್ಟ್ರಿಗೂ ಗೊತ್ತಿಲ್ದೇ ಇರೋದು. ಎಮರ್ಜೆನ್ಸಿ ಆದ್ರೆ ಆ ಗುಟ್ಟು ಬಿಚ್ಚೋ ವ್ಯವಸ್ಥೆ ಇರ್ಬೇಕು, ಅದು ಹೇಗೆ, ರಾತ್ರಿ ಯಾರಿಗೆ ಫೋನ್ ಮಾಡ್ಬೇಕು ಅಂತ ಕೇಳಿ. ಪ್ಲಸೀಬೋ ಅಂದ್ರೆ ನೋಡಕ್ಕೆ ಔಷಧಿ ಥರಾನೇ ಇದ್ದು ಔಷಧಿ ಅಂಶ ಇಲ್ದೇ ಇರೋ ಮಾತ್ರೆ ಅಥವಾ ಇಂಜೆಕ್ಷನ್.

ಈ ಪ್ಲಸೀಬೋ ವಿಷ್ಯದಲ್ಲಿ ಸ್ವಲ್ಪ ಜಾಸ್ತಿ ನಿಲ್ತೀನಿ. ನಿಮ್ಮ ಕಾಯಿಲೆಗೆ ಆಗ್ಲೇ ಒಂದು ಒಳ್ಳೆ ಔಷಧಿ ಇದ್ದು, ಅದನ್ನ ನಿಲ್ಸಿ ಪ್ಲಸೀಬೋ ಕೊಡೋ ಸಾಧ್ಯತೆ ಇದ್ರೆ ಕೂತು ಮಾತಾಡ್ಲೇಬೇಕಾದ ವಿಷ್ಯ. ಹಾಗೆ ಸರಿಯಾದ ಚಿಕಿತ್ಸೆ ಇದ್ದೂ ಕೊಡ್ದೆ ಪ್ಲಸೀಬೋ ಕೊಟ್ಟು ತೊಂದ್ರೆ ಆದ್ರೆ ಅದು ಪರಿಹಾರ ಕೊಡ್ಬೇಕಾದ ಹಾನಿ ಅಂತ 2019ರ ನಿಯಮಾನೇ ಹೇಳತ್ತೆ. ಬಹಳಷ್ಟು ಟ್ರಯಲ್‌ಗಳಲ್ಲಿ ಎಲ್ರಿಗೂ ಮಾಮೂಲಿ ಚಿಕಿತ್ಸೆ ಕೊಟ್ಟು ಅದರ ಮೇಲೆ ಹೊಸದು ಅಥವಾ ಪ್ಲಸೀಬೋ ಸೇರಿಸ್ತಾರೆ, ಅದು ಬೇರೆ. ನಿಮ್ಮದು ಇವೆರಡರಲ್ಲಿ ಯಾವುದು? “ನನ್ನ ಈಗಿನ ಮಾತ್ರೆ ನಿಲ್ಲತ್ತಾ?” ಅಂತ ಒಂದೇ ವಾಕ್ಯದಲ್ಲಿ ಕೇಳಿ, ಉತ್ತರ ಹೌದು ಇಲ್ಲ ಅಂತಾನೇ ಬರ್ಬೇಕು.

ಇವನ್ನೂ ಬರ್ಕೊಳ್ಳಿ. ಟ್ರಯಲ್‌ಗೆ ಸೇರ್ದಿದ್ರೆ ನನಗೆ ಬೇರೆ ಏನು ಚಿಕಿತ್ಸೆ ಇದೆ? ಎಷ್ಟು ವಿಸಿಟ್, ಪ್ರತಿ ವಿಸಿಟ್‌ಗೆ ಎಷ್ಟು ರಕ್ತ, ಬಯಾಪ್ಸಿ ಏನಾದ್ರೂ ಇದ್ಯಾ? ಪ್ರಾಣಿಗಳಲ್ಲಿ, ಮುಂಚಿನ ಹಂತಗಳಲ್ಲಿ ಏನೇನು ತೊಂದ್ರೆ ಕಂಡಿತ್ತು? ಮುಗಿದ ಮೇಲೆ ಔಷಧಿ ನನಗೆ ಕೆಲ್ಸ ಮಾಡ್ತಿದ್ರೆ ಮುಂದುವರೆಸ್ತೀರಾ? ಈ ಕೊನೇ ಪ್ರಶ್ನೆಗೂ ನಿಯಮ ಇದೆ, ಬೇರೆ ಚಿಕಿತ್ಸೆ ಇಲ್ದೆ, ಡಾಕ್ಟ್ರು ಶಿಫಾರಸು ಮಾಡಿ, ಎಥಿಕ್ಸ್ ಕಮಿಟಿ ಒಪ್ಪಿದ್ರೆ ಕಂಪನಿ ಅದನ್ನ ಉಚಿತವಾಗಿ ಕೊಡ್ಬೇಕು.

ರಕ್ತ, ಟಿಶ್ಯೂ ಸ್ಯಾಂಪಲ್ ಬಗ್ಗೆ ಫಾರಂ ಕೊನೆ ಕಡೆ ಸಣ್ಣ ಚೌಕಗಳು ಇರತ್ತೆ, ‘ಉಳಿದ ಸ್ಯಾಂಪಲ್‌ನ ಮುಂದಿನ ಸಂಶೋಧನೆಗೆ ಇಟ್ಕೋಬಹುದು / ಬೇಡ’ ಅಂತ. ಟ್ರಯಲ್‌ಗೆ ಸೇರೋದು ಬೇರೆ, ಇದಕ್ಕೆ ಒಪ್ಪೋದು ಬೇರೆ. ಕೋಆರ್ಡಿನೇಟರ್ ನಿಮ್ಮ ಪರವಾಗಿ ಟಿಕ್ ಹಾಕೋಕೆ ಬಿಡ್ಬೇಡಿ.

5. ಸಹಿ ಯಾರು ಹಾಕ್ಬೇಕು

ಬುದ್ಧಿ ಸರಿ ಇರೋ, 18 ತುಂಬಿದ ವ್ಯಕ್ತಿ ಪರವಾಗಿ ಬೇರೆ ಯಾರೂ ಹಾಕೋ ಹಾಗಿಲ್ಲ. ಹೆಂಡ್ತಿ ಪರವಾಗಿ ಗಂಡ ಅಲ್ಲ, ಅತ್ತೆ ಪರವಾಗಿ ಸೊಸೆ ಅಲ್ಲ, ಕಾರ್ಮಿಕರ ಪರವಾಗಿ ಮೇಸ್ತ್ರಿ ಅಲ್ಲ, ಊರ ಪರವಾಗಿ ಪಂಚಾಯ್ತಿ ಅಧ್ಯಕ್ಷರು ಅಲ್ಲ. ಮನೆಯೋರ ಹತ್ರ ಮಾತಾಡಿ ತೀರ್ಮಾನ ಮಾಡೋದು ನಮ್ಮ ರೀತಿ, ಅದು ಒಳ್ಳೇದೇ, ಆದ್ರೆ ಕೊನೆಗೆ ದೇಹ ಯಾರದ್ದೋ ಅವ್ರೇ ಹೇಳ್ಬೇಕು. ‘ಅವ್ರಿಗೇನು ಗೊತ್ತಾಗತ್ತೆ, ನಾನೇ ಹಾಕ್ತೀನಿ ಕೊಡಿ’ ಅಂತ ಅಮ್ಮನ ಮುಂದೇನೇ ಹೇಳೋ ಮಕ್ಕಳಿದಾರೆ, ದಯವಿಟ್ಟು ಹಾಗೆ ಮಾಡ್ಬೇಡಿ.

ಓದು ಬರಹ ಬರ್ದೇ ಇರೋರು ಹೆಬ್ಬೆಟ್ಟು ಒತ್ತೋದಾದ್ರೆ ಒಬ್ರು ನಿಷ್ಪಕ್ಷ ಸಾಕ್ಷಿ ಇರ್ಲೇಬೇಕು, ಅಂದ್ರೆ ಟ್ರಯಲ್ ತಂಡಕ್ಕೆ ಸೇರ್ದೇ ಇರೋರು, ಅವ್ರು ವಿವರಣೆ ನಡೆಯೋ ಅಷ್ಟೂ ಹೊತ್ತು ಪಕ್ಕದಲ್ಲಿ ಇರ್ಬೇಕು, ಕೊನೇಲಿ ಕರೆದು ಸಹಿ ಹಾಕ್ಸೋದಲ್ಲ. ಆ ವಾರ್ಡಿನ ನರ್ಸ್‌ನೇ ಸಾಕ್ಷಿ ಮಾಡ್ತೀವಿ ಅಂದ್ರೆ ಬೇಡ ಅನ್ನಿ, ನಿಮ್ಮ ಕಡೆಯೋರನ್ನ ಕರ್ಕೊಂಡು ಹೋಗಿ.

ಮಕ್ಕಳ ಪರವಾಗಿ ಅಪ್ಪ ಅಮ್ಮ ಹಾಕ್ತಾರೆ, ಅದರ ಜೊತೆ 7 ವರ್ಷ ದಾಟಿದ ಮಗುವಿನ ಸಮ್ಮತೀನೂ ಬೇಕು ಅಂತ ಐಸಿಎಂಆರ್ ಹೇಳತ್ತೆ, 12 ವರ್ಷದವರೆಗೆ ಬಾಯಿಮಾತಲ್ಲಿ, ಆಮೇಲೆ 18ರವರೆಗೆ ಬರಹದಲ್ಲಿ. ಶಾಲೆ, ಹಾಸ್ಟೆಲ್‌ನೋರು ಪೋಷಕರ ಜಾಗದಲ್ಲಿ ನಿಲ್ಲೋ ಹಾಗಿಲ್ಲ. 2009–10ರಲ್ಲಿ ಆಂಧ್ರದ ಖಮ್ಮಂನಲ್ಲಿ, ಗುಜರಾತಿನ ವಡೋದರಾದಲ್ಲಿ 10ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಕೊಡೋ ಅಧ್ಯಯನ ನಡೀತು. ಖಮ್ಮಂ ಕಡೆ ಬುಡಕಟ್ಟು ಮಕ್ಕಳ ಆಶ್ರಮ ಶಾಲೆಗಳಲ್ಲಿ ಎಷ್ಟೋ ಫಾರಂಗಳಿಗೆ ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ರು ಅಂತ ತನಿಖೇಲಿ ಬಯಲಾಯ್ತು, 2010ರ ಏಪ್ರಿಲಲ್ಲಿ ಅಧ್ಯಯನ ನಿಲ್ತು, 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಬರೀತು. ಲಸಿಕೆ ಒಳ್ಳೇದಾ ಕೆಟ್ಟದ್ದಾ ಅನ್ನೋದು ಅಲ್ಲಿ ಪ್ರಶ್ನೆ ಆಗಿರ್ಲಿಲ್ಲ, ಎಚ್‌ಪಿವಿ ಲಸಿಕೆ ಗರ್ಭಕಂಠದ ಕ್ಯಾನ್ಸರ್ ತಡೆಯತ್ತೆ ಅನ್ನೋದು ಚೆನ್ನಾಗಿ ಸಾಬೀತಾಗಿದೆ. ಅಪ್ಪ ಅಮ್ಮಂಗೆ ಹೇಳ್ದೆ ಮಕ್ಕಳನ್ನ ಅಧ್ಯಯನಕ್ಕೆ ಸೇರಿಸ್ಕೊಂಡಿದ್ದು ತಪ್ಪು.

ಮಾನಸಿಕ ಕಾಯಿಲೆ ಇರೋರಿಗೂ ಇದೇ ಗೌರವ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ರಿಸರ್ಚ್‌ಗೆ ಅವ್ರದ್ದೇ ಒಪ್ಪಿಗೆ ಬೇಕು, ಒಪ್ಪಿಗೆ ಕೊಡೋ ಸ್ಥಿತೀಲಿ ಇಲ್ದಿದ್ರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಅನುಮತಿ ಬೇಕು.

ಇನ್ನೊಂದು: ಬಡವರು, ಮಕ್ಕಳು, ಗರ್ಭಿಣಿಯರು ಹೀಗೆ ಒತ್ತಡಕ್ಕೆ ಸುಲಭವಾಗಿ ಸಿಗೋರನ್ನ ಪೂರ್ತಿ ಹೊಸ ರಾಸಾಯನಿಕದ ಟ್ರಯಲ್‌ಗೆ ಸೇರಿಸೋವಾಗ ಒಪ್ಪಿಗೆ ಮಾತುಕತೆನ ವಿಡಿಯೋ ಮಾಡೋದು ಕಡ್ಡಾಯ, ಎಚ್‌ಐವಿ ಮತ್ತೆ ಕುಷ್ಠದ ಔಷಧಿಗೆ ಆಡಿಯೋ ಸಾಕು. ಕ್ಯಾಮೆರಾ ಇಟ್ರೆ ಹೆದ್ರಬೇಡಿ, ಅದು ನಿಮ್ಮ ರಕ್ಷಣೆಗೇ ಇರೋದು, ನಿಮ್ಮ ಪ್ರಶ್ನೆನೆಲ್ಲ ಕ್ಯಾಮೆರಾ ಮುಂದೇನೇ ಕೇಳಿ.

6. ದುಡ್ಡಿನ ಲೆಕ್ಕ

ಟ್ರಯಲ್ ಔಷಧಿ, ಟ್ರಯಲ್‌ಗೋಸ್ಕರ ಮಾಡೋ ಟೆಸ್ಟ್‌ಗೆ ನೀವು ಬಿಲ್ ಕಟ್ಟೋ ಹಾಗಿಲ್ಲ. ಬಸ್ ಚಾರ್ಜು, ಕಳ್ಕೊಂಡ ಕೂಲಿ ಕೊಡ್ತಾರೆ, ಎಷ್ಟು ಅಂತ ಎಥಿಕ್ಸ್ ಕಮಿಟಿ ಮೊದ್ಲೇ ಒಪ್ಪಿರತ್ತೆ, ಅದು ಫಾರಂನಲ್ಲೂ ಇರ್ಬೇಕು. ಬಾಯಲ್ಲಿ ಹೇಳೋ ಮೊತ್ತ ಬೇರೆ, ಬರೆದಿರೋದು ಬೇರೆ ಆದ್ರೆ ನಡುವೆ ಏಜೆಂಟ್ ಇರ್ಬಹುದು.

ಆರೋಗ್ಯವಂತ ವಾಲಂಟಿಯರ್ ಆಗಿ ಹೋಗೋ ಹುಡುಗರಿಗೆ ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು. ಒಂದು ಸ್ಟಡಿ ಮುಗಿದ ಕೂಡ್ಲೆ ಇನ್ನೊಂದು ಲ್ಯಾಬಿಗೆ ಹೋಗಿ ‘ಇದೇ ಮೊದಲು’ ಅಂತ ಸುಳ್ಳು ಹೇಳ್ಬೇಡಿ. ಸಾಮಾನ್ಯವಾಗಿ 3 ತಿಂಗಳ ಅಂತರ ಕೇಳ್ತಾರೆ, ಅದಕ್ಕೆ ಕಾರಣ ಇದೆ: ಹಳೇ ಔಷಧಿ ಹೊಸದ್ರ ಜೊತೆ ದೇಹದಲ್ಲಿ ಡಿಕ್ಕಿ ಹೊಡೀಬಹುದು, ಸಾಲು ಸಾಲಾಗಿ ರಕ್ತ ತೆಗೆದ್ರೆ ರಕ್ತಹೀನತೆ ಆಗತ್ತೆ. ಬಾಡಿಗೆ ಕಟ್ಟೋ ಒತ್ತಡ ನನಗೆ ಅರ್ಥ ಆಗತ್ತೆ, ಆದ್ರೂ ಇದೊಂದ್ರಲ್ಲಿ ಸುಳ್ಳು ಬೇಡ.

ಹಾನಿ ಆದ್ರೆ ಏನು? ಟ್ರಯಲ್ ಸಮಯದಲ್ಲಿ ತೊಂದ್ರೆ ಆದ್ರೆ, ಅದಕ್ಕೂ ಟ್ರಯಲ್‌ಗೂ ಸಂಬಂಧ ಇಲ್ಲ ಅಂತ ಸಾಬೀತಾಗೋವರೆಗೆ ಬೇಕಾದಷ್ಟು ದಿನ ಉಚಿತ ಚಿಕಿತ್ಸೆ. ಟ್ರಯಲ್‌ನಿಂದಾನೇ ಅಂತ ಆದ್ರೆ ಮೇಲಿಂದ ಪರಿಹಾರ. ಇದಕ್ಕೆ ಒಂದು ಸೂತ್ರಾನೇ ಇದೆ: 8 ಲಕ್ಷ ರೂಪಾಯಿಯನ್ನ ವಯಸ್ಸಿನ ಅಂಕಿ (ವಯಸ್ಸಿಗೆ ತಕ್ಕ ಹಾಗೆ ನಿಯಮದ ಪಟ್ಟೀಲಿ ಕೊಟ್ಟಿರೋದು) ಮತ್ತೆ ರಿಸ್ಕ್ ಅಂಕಿಯಿಂದ ಗುಣಿಸಿ 99.37ರಿಂದ ಭಾಗಿಸ್ಬೇಕು. ರಿಸ್ಕ್ ಅಂಕಿ 0.5ರಿಂದ 4ರವರೆಗೆ, ಆಗ್ಲೇ ಕೊನೇ ಹಂತದ ಕಾಯಿಲೆ ಇದ್ರೆ 0.5, ಪೂರ್ತಿ ಆರೋಗ್ಯವಾಗಿದ್ರೆ 4. ಉದಾಹರಣೆಗೆ 40 ವರ್ಷದ ಆರೋಗ್ಯವಂತರು ಟ್ರಯಲ್‌ನಿಂದ ತೀರ್ಕೊಂಡ್ರೆ, ವಯಸ್ಸಿನ ಅಂಕಿ 184.17, ಲೆಕ್ಕ ಸುಮಾರು 59 ಲಕ್ಷಕ್ಕೆ ಬರತ್ತೆ. 65 ದಾಟಿ ಕಾಯಿಲೆ ಕೊನೇ ಹಂತದಲ್ಲಿದ್ದೋರಿಗೆ 4 ಲಕ್ಷ. 100% ಶಾಶ್ವತ ಅಂಗವೈಕಲ್ಯ ಆದ್ರೆ ಸಾವಿಗೆ ಸಿಗೋದ್ರ 90%. ಡಿಸಿಜಿಐ ಆದೇಶ ಬಂದ 30 ದಿನದೊಳಗೆ ಟ್ರಯಲ್ ನಡೆಸೋ ಕಂಪನಿ ಕೊಡ್ಬೇಕು. ‘10 ಸಾವಿರ ಕೊಡ್ತೀವಿ, ಇಲ್ಲಿ ಸಹಿ ಮಾಡಿ ಮುಗಿಸ್ಬಿಡಿ’ ಅಂದ್ರೆ ಯಾಕೆ ಒಪ್ಬಾರ್ದು ಅಂತ ಈಗ ಗೊತ್ತಾಯ್ತಲ್ಲ.

ಇದನ್ನ ಓದಿದ ಮೇಲೆ ಒಪ್ಪಿಗೆ ಪತ್ರದಲ್ಲಿ ಒಂದು ಜಾಗ ನೋಡಿ. ಹೆಸ್ರು, ವಿಳಾಸ, ಉದ್ಯೋಗ, ವಾರ್ಷಿಕ ಆದಾಯ ಆದ್ಮೇಲೆ ನಾಮಿನಿ ಹೆಸ್ರು, ಸಂಬಂಧ ಅಂತ ಒಂದು ಸಾಲು ಇರತ್ತೆ. ಆ ಪರಿಹಾರ ಯಾರಿಗೆ ಹೋಗ್ಬೇಕು ಅನ್ನೋದಕ್ಕೆ ಇರೋ ಸಾಲು ಅದು. ಅದನ್ನ ಖಾಲಿ ಬಿಡ್ಬೇಡಿ, ಆಧಾರ್‌ನಲ್ಲಿ ಇರೋ ಹಾಗೇ ಹೆಸ್ರು ಬರೀರಿ.

ಮೆಡಿಕ್ಲೈಮ್ ಇದ್ಯಲ್ಲ ಅಂತ ಧೈರ್ಯವಾಗಿ ಇರ್ಬೇಡಿ, ಸಾಬೀತಾಗದ ಚಿಕಿತ್ಸೆಗೆ ದುಡ್ಡು ಕೊಡಲ್ಲ ಅನ್ನೋ ಷರತ್ತು ಆರೋಗ್ಯ ಪಾಲಿಸಿಗಳಲ್ಲಿ ಮಾಮೂಲಿ.

7. ಸಹಿ ಹಾಕೋ ದಿನ

ವಿವರಿಸೋಕೆ ಡಾಕ್ಟ್ರೇ ಕೂರ್ಬೇಕು, ಬರೀ ಕೋಆರ್ಡಿನೇಟರ್ ಸಾಲದು. ಎಲ್ಲಾ ಆದ್ಮೇಲೆ ನೀವೇ ನಿಮ್ಮ ಮಾತಲ್ಲಿ ಒಂದ್ಸಲ ವಾಪಸ್ ಹೇಳಿ, “ಅಂದ್ರೆ ಸಾರ್, ನನಗೆ ಹೊಸದು ಸಿಗ್ಬಹುದು ಹಳೇದೂ ಸಿಗ್ಬಹುದು, 6 ತಿಂಗಳು ಬರ್ಬೇಕು, ಬೇಡ ಅಂದ್ರೆ ಬಿಡ್ಬಹುದು, ಸರಿನಾ?” ಎಲ್ಲಿ ತಪ್ಪು ತಿಳ್ಕೊಂಡಿದೀರ ಅನ್ನೋದು ಅಲ್ಲೇ ಗೊತ್ತಾಗ್ಬಿಡತ್ತೆ.

ತಾರೀಕನ್ನ ನೀವೇ ನಿಮ್ಮ ಕೈಯಾರೆ ಬರೀರಿ. ಹಿಂದಿನ ತಾರೀಕು ಹಾಕಿ ಅಂದ್ರೆ ಹಾಕ್ಬೇಡಿ. ರಕ್ತ ಆಗ್ಲೇ ತಗೊಂಡು ಆಮೇಲೆ ಫಾರಂ ಕೊಟ್ರೆ ಅದೂ ತಪ್ಪು, ಸಹಿ ಆಗೋವರೆಗೆ ಟ್ರಯಲ್‌ಗೋಸ್ಕರ ಒಂದು ಟೆಸ್ಟೂ ಮಾಡೋ ಹಾಗಿಲ್ಲ. ಮುಗಿದ ಮೇಲೆ ಮಾಹಿತಿ ಪತ್ರ ಮತ್ತೆ ಸಹಿ ಆದ ಒಪ್ಪಿಗೆ ಪತ್ರ ಎರಡರ ಪ್ರತೀನೂ ಕೈಗೆ ತಗೊಂಡೇ ಏಳಿ. ‘ಫೈಲಲ್ಲಿ ಇರತ್ತೆ ಬಿಡಿ’ ಅನ್ನೋದನ್ನ ಒಪ್ಬೇಡಿ, ಮುಂದೆ ಏನೇ ಆದ್ರೂ ನಿಮ್ಮ ಹತ್ರ ಇರೋ ಆಧಾರ ಅದೊಂದೇ. ಫೋಟೋ ತೆಗೆದು ಮನೆಯೋರಿಗೆ ವಾಟ್ಸಾಪ್ ಮಾಡಿ.

8. ಸೇರಿದ ಮೇಲೆ

ಬೇರೆ ಏನೇನು ತಗೊಳ್ತೀರೋ ಎಲ್ಲಾ ಹೇಳಿ, ಶುಗರ್ ಮಾತ್ರೆ ಮಾತ್ರ ಅಲ್ಲ, ನಾಟಿ ಔಷಧಿ, ಕಷಾಯ, ಆಯುರ್ವೇದದ ಚೂರ್ಣ, ಮೆಡಿಕಲ್ ಶಾಪಿಂದ ತಂದ ನೋವಿನ ಮಾತ್ರೆ, ಎಲ್ಲಾ. ಬೈತಾರೆ ಅಂತ ಮುಚ್ಚಿಟ್ರೆ ಲಿವರ್ ಕಿಡ್ನಿಗೆ ಹೊಡೆತ ಬಿದ್ದಾಗ ಕಾರಣಾನೇ ಸಿಗಲ್ಲ. ಪಿರಿಯಡ್ಸ್ ತಪ್ಪಿದ್ರೆ ಮುಂದಿನ ವಿಸಿಟ್‌ವರೆಗೆ ಕಾಯದೆ ಅದೇ ದಿನ ಫೋನ್ ಮಾಡಿ. ಹೊಟ್ಟೆಯಲ್ಲಿರೋ ಮಗುವಿಗೆ ಆಗೋ ಹಾನಿಗೂ ಪರಿಹಾರದ ನಿಯಮ ಅನ್ವಯಿಸತ್ತೆ.

ಒಂದು ಸಣ್ಣ ನೋಟ್‌ಬುಕ್ಕಲ್ಲಿ ತಾರೀಕು ಹಾಕಿ ಏನಾಯ್ತು ಅಂತ ಬರ್ಕೊಳ್ಳಿ. ಆಸ್ಪತ್ರೆಗೆ ಅಡ್ಮಿಟ್ ಆಗೋ ಅಂಥದ್ದು ಏನಾದ್ರೂ ಆದ್ರೆ, ಅದು ಬೇರೆ ಊರಿನ ಬೇರೆ ಆಸ್ಪತ್ರೆ ಆದ್ರೂ, ಟ್ರಯಲ್ ಡಾಕ್ಟ್ರಿಗೆ ತಿಳಿಸಿ. ಗಂಭೀರ ತೊಂದ್ರೆ ಆದ 24 ಗಂಟೆ ಒಳಗೆ ಅವ್ರು ಡಿಸಿಜಿಐ, ಕಂಪನಿ, ಎಥಿಕ್ಸ್ ಕಮಿಟಿ ಮೂರು ಕಡೆಗೂ ವರದಿ ಕಳಿಸ್ಬೇಕು. ಬೇರೆ ಆಸ್ಪತ್ರೆ ಡಿಸ್ಚಾರ್ಜ್ ಸಮ್ಮರಿ, ಬಿಲ್ ಎಲ್ಲಾ ಇಟ್ಕೊಳ್ಳಿ.

ಬಿಡ್ಬೇಕು ಅನ್ಸಿದ್ರೆ ಯಾವಾಗ ಬೇಕಾದ್ರೂ ಬಿಡ್ಬಹುದು, ಕಾರಣ ಹೇಳೋ ಅಗತ್ಯ ಇಲ್ಲ, ಅದೇ ಆಸ್ಪತ್ರೇಲಿ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಸೋ ಹಾಗಿಲ್ಲ, ಅಲ್ಲೀತನಕ ಕೊಟ್ಟಿದ್ದ ಬಸ್ ಚಾರ್ಜ್ ವಾಪಸ್ ಕೇಳೋ ಹಾಗೂ ಇಲ್ಲ. ಆದ್ರೆ ಹೇಳ್ದೆ ಕೇಳ್ದೆ ಹೋಗೋದು ನಿಲ್ಸಬೇಡಿ. ಕೆಲವು ಔಷಧೀನ ದಿಢೀರ್ ಅಂತ ಬಿಟ್ರೆ ತೊಂದ್ರೆ ಆಗತ್ತೆ. ಫೋನ್ ಮಾಡಿ ಬಿಡ್ತೀನಿ ಅನ್ನಿ, ಕೊನೇ ಚೆಕಪ್ ಮಾಡಿಸ್ಕೊಳ್ಳಿ. ಮಧ್ಯದಲ್ಲಿ ಔಷಧಿ ಬಗ್ಗೆ ಹೊಸ ರಿಸ್ಕ್ ಏನಾದ್ರೂ ಗೊತ್ತಾದ್ರೆ ನಿಮಗೆ ಹೇಳಿ ಮತ್ತೊಮ್ಮೆ ಒಪ್ಪಿಗೆ ತಗೋಬೇಕು, ಆಗ ಹೊಸ ಫಾರಂ ಕೊಟ್ರೆ ‘ಹಳೇದೇ ತಾನೆ’ ಅಂತ ಸಹಿ ಮಾಡ್ದೆ ಏನು ಬದಲಾಗಿದೆ ಅಂತ ಕೇಳಿ.

9. ತಪ್ಪಾಗಿದೆ ಅನ್ಸಿದ್ರೆ ಎಲ್ಲಿಗೆ

ಮೊದ್ಲು ಟ್ರಯಲ್ ಡಾಕ್ಟ್ರ ಹತ್ರಾನೇ ಮಾತಾಡಿ, ಎಷ್ಟೋ ಸಲ ಅಲ್ಲೇ ಬಗೆಹರಿಯತ್ತೆ. ಆಗ್ಲಿಲ್ಲ ಅಂದ್ರೆ ಎಥಿಕ್ಸ್ ಕಮಿಟಿ. ಅವ್ರ ಹೆಸ್ರು, ಫೋನ್ ನಂಬರ್ ನಿಮ್ಮ ಮಾಹಿತಿ ಪತ್ರದ ಕೊನೆ ಕಡೆ ಇರ್ಲೇಬೇಕು. ಅವ್ರಿಗೆ ಫೋನ್ ಮಾಡೋಕೆ ಆಸ್ಪತ್ರೆ ಅನುಮತಿ ಬೇಕಾಗಿಲ್ಲ. ಒಪ್ಪಿಗೆ ಇಲ್ದೆ ಸೇರ್ಸಿದಾರೆ, ಫಾರಂ ತಿದ್ದಿದಾರೆ, ಹಾನಿ ಆಗಿದ್ದನ್ನ ವರದಿ ಮಾಡಿಲ್ಲ ಅನ್ನೋ ಮಟ್ಟದ ವಿಷ್ಯ ಆದ್ರೆ ದೆಹಲಿ ಡಿಸಿಜಿಐ ಕಚೇರಿಗೆ ಬರೀರಿ, ಆ ಸಂಸ್ಥೇದು ಬೆಂಗಳೂರಲ್ಲೂ ಕಚೇರಿ ಇದೆ. ಡಾಕ್ಟ್ರ ನಡತೆ ಬಗ್ಗೆ ದೂರು ಅಂದ್ರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್. ಟ್ರಯಲ್ ಅಲ್ದೆ ಖಾಸಗಿ ಆಸ್ಪತ್ರೆಯ ಮಾಮೂಲಿ ಚಿಕಿತ್ಸೆ, ಬಿಲ್ ವಿಷ್ಯ ಆದ್ರೆ ಕೆಪಿಎಂಇ ಅಂದ್ರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಕೆಳಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರ ಇದೆ, ಅಲ್ಲಿಗೆ.

ದೂರು ಕನ್ನಡದಲ್ಲೇ ಒಂದು ಪುಟ ಸಾಕು. ಸಿಟಿಆರ್‌ಐ ನಂಬರ್, ನಿಮ್ಮ ಸಹಿ ತಾರೀಕು, ಏನಾಯ್ತು ಯಾವತ್ತು ಆಯ್ತು, ಯಾರ ಹತ್ರ ಹೇಳಿದ್ರಿ ಏನು ಉತ್ತರ ಬಂತು, ಇಷ್ಟು ಬರೀರಿ. ಒಪ್ಪಿಗೆ ಪತ್ರದ ಜೆರಾಕ್ಸ್ ಲಗತ್ತಿಸಿ, ಮೂಲ ಪ್ರತಿ ಯಾರಿಗೂ ಕೊಡ್ಬೇಡಿ. ನಿಮ್ಮ ಚಿಕಿತ್ಸೆ ದಾಖಲೆ ಬೇಕಿದ್ರೆ ಬರಹದಲ್ಲಿ ಅರ್ಜಿ ಕೊಡಿ, ಕೇಳಿದ 72 ಗಂಟೆ ಒಳಗೆ ಕೊಡ್ಬೇಕು ಅಂತ 2002ರ ವೈದ್ಯರ ನಡತೆ ನಿಯಮದಲ್ಲೇ ಇದೆ. ಅರ್ಜಿ ಕೊಟ್ಟಾಗ ಸೀಲು ತಾರೀಕು ಹಾಕಿಸ್ಕೊಂಡು ಒಂದು ಪ್ರತಿ ಇಟ್ಕೊಳ್ಳಿ, ತಗೊಳ್ಳಲ್ಲ ಅಂದ್ರೆ ಸ್ಪೀಡ್ ಪೋಸ್ಟಲ್ಲಿ ಕಳಿಸಿ ರಸೀದಿ ಫಾರಂ ಜೊತೆ ಪಿನ್ ಮಾಡಿಡಿ.